ಕಾಲೇಜಿನ ಅಂಗಳದಲ್ಲಿ ಕಲೆಯ ಸುಗ್ಗಿ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ತಿಂಗಳಿನಲ್ಲಿ ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ದಿನವೆಲ್ಲ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡುವ ನನ್ನಂಥವನು ಅಷ್ಟು ದೊಡ್ಡ ವಿಷಯಕ್ಕೆ ಕೈಹಾಕುವುದು ತರವಲ್ಲ. ಆದುದರಿಂದ ಚಿಕ್ಕದೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಈ ನಗರದ ಕಾಲೇಜುಗಳ ಅಂಗಳದಲ್ಲಿ ವರ್ಷವರ್ಷವೂ ನಡೆಯುವ ಗಾಯನ, ನೃತ್ಯ, ನಾಟಕ ಮತ್ತು ಅತಿಥಿ ಉಪನ್ಯಾಸಗಳ ಸುಗ್ಗಿಗೂ ನಮ್ಮ ಮನೆಗಳಿಗೂ ಏನು ಸಂಬಂಧ ಎಂಬುದೇ ಆ ವಿಷಯ.

ಊರಿನಲ್ಲಿ ಸುಗ್ಗಿಯ ಕಾಲ ಒಂದಾದರೆ ಮುಂಬಯಿಯ ಕಾಲೇಜುಗಳ ಸುಗ್ಗಿಯ ಕಾಲ ಇನ್ನೊಂದು. ಮಳೆ ಇನ್ನೂ ಸುರಿಯುತ್ತಿರುವಾಗಲೇ, ಆಗಸ್ಟ್ ತಿಂಗಳಲ್ಲಿ, ಧೋಬಿ ತಲಾವಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 'ಮಲ್ಹಾರ್' ಉತ್ಸವ ನಡೆಯುತ್ತದೆ. ಇದು ೧೯೭೯ರಲ್ಲಿ ಆರಂಭವಾದುದು. ಪೊವಾಯಿಯ ಐ.ಐ.ಟಿ.ಯಲ್ಲಿ ೧೯೭೧ರಿಂದ ನಡೆದುಬಂದಿರುವ 'ಮೂಡ್ ಇಂಡಿಗೋ' ಡಿಸೆಂಬರಿನದು. ಜನವರಿ ಬಂತೆಂದರೆ ಮತ್ತೆ ಝೇವಿಯರ್ಸ್ ಕಾಲೇಜಿನಲ್ಲಿಯೇ ಶಾಸ್ತ್ರೀಯ ಸಂಗೀತದ 'ಜಾನ್‌ಫೆಸ್ಟ್'. ಇದನ್ನು ನಡೆಸುವುದು ಆ ಕಾಲೇಜಿನ ಇಂಡಿಯನ್ ಮ್ಯೂಸಿಕ್ ಗ್ರೂಪ್ ಎಂಬ ವಿದ್ಯಾರ್ಥಿಗಳ ಕೂಟ. ಅದು ಸ್ಥಾಪನೆಯಾದುದು ೧೯೭೩ರಲ್ಲಿ. ನಮ್ಮ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದುದೂ ಅದೇ ವರ್ಷ. ಹತ್ತೊಂಬತ್ತು-ಇಪ್ಪತ್ತು ವರ್ಷದ ಹುಡುಗ ಹುಡುಗಿಯರೇ ಕಲಾವಿದರನ್ನು ಕರೆಯುತ್ತಾರೆ, ಹಣ ಕೂಡಿಸುತ್ತಾರೆ, ಜಮಖಾನೆ ಹಾಸುತ್ತಾರೆ. ಸಂಗೀತದ ಧ್ವನಿಮುದ್ರಣಗಳ ಸಂಗ್ರಹವನ್ನೂ ಈ ಕೂಟ ಕಾಪಾಡಿಕೊಂಡು ಬಂದಿದೆ.

ಇದರ ಜೊತೆಗೆ ಉಪನ್ಯಾಸಗಳು. ಕಲಾವಿದನು ಹಾಡುವ ಮೊದಲು ತಾನು ಏನು ಹಾಡಲಿದ್ದೇನೆ, ರಾಗ ಹೇಗೆ ಬೆಳೆಯುತ್ತದೆ ಎಂದು ನಾಲ್ಕು ಮಾತಿನಲ್ಲಿ ತಿಳಿಸಿ, ಹಾಡಿ ತೋರಿಸಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ಇಂದು ದೇಶದ ಎಷ್ಟೋ ವಿದ್ಯಾಲಯಗಳಲ್ಲಿದೆ. ದೆಹಲಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದ ಕಿರಣ್ ಸೇಠ್ ಅವರು ೧೯೭೭ರಲ್ಲಿ ಆರಂಭಿಸಿದ ಸ್ಪಿಕ್ ಮೆಕೆ ಸಂಸ್ಥೆಯು ಈ ಪದ್ಧತಿಯನ್ನು ಊರೂರಿಗೆ ಒಯ್ದಿತು.

'ಇದೆಲ್ಲ ಓದುವ ಮಕ್ಕಳ ಹಬ್ಬ, ನಮಗೇನು?' ಎಂದು ನೀವು ಕೇಳಬಹುದು. ಈ ನಗರದ ವಿದ್ಯೆಗೂ ಕನ್ನಡಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಧಾರವಾಡದ ಕರ್ನಾಟಕ ಕಾಲೇಜು ೧೯೧೭ರಲ್ಲಿಯೂ, ಬೆಳಗಾವಿಯ ಲಿಂಗರಾಜ ಕಾಲೇಜು ೧೯೩೩ರಲ್ಲಿಯೂ ಆರಂಭವಾದಾಗ ಅಲ್ಲಿಯ ವಿದ್ಯಾರ್ಥಿಗಳಿಗೆ ಪದವಿ ಕೊಡುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯವೇ. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಹುಟ್ಟಿದುದು ಕೂಡ ಈ ಮುಂಬಯಿಯಲ್ಲಿ; ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ಮುಂದೆ ೧೯೭೮ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೇ ತೆರೆಯಿತು. 'ಹೊಸಗನ್ನಡದ ಅರುಣೋದಯ'ವನ್ನು ಬರೆದ ಶ್ರೀನಿವಾಸ ಹಾವನೂರರು ಅದರ ಮುಖ್ಯಸ್ಥರಾಗಿದ್ದರು. ಕಲೀನಾದ ವಿದ್ಯಾನಗರಿಯಲ್ಲಿ ಕನ್ನಡದ ಉಪನ್ಯಾಸ ಕೇಳಿಸುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು?

ಸಂಗೀತದ ಮಾತೂ ಹಾಗೆಯೇ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಮಂಜಿಖಾನರ ಬಳಿ ಜಯಪುರ ಘರಾಣೆಯ ವಿದ್ಯೆಯನ್ನು ಕಲಿತುದು ಈ ಮುಂಬಯಿಯಲ್ಲಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಬಾಲಕ ಶಿವಪುತ್ರ ಕೊಂಕಾಳಿ, ಕುಮಾರ ಗಂಧರ್ವರಾಗಿ ಬೆಳೆದುದು ಆಪೆರಾ ಹೌಸ್ ಬಳಿಯ ದೇವಧರ ಮಾಸ್ತರರ ಸಂಗೀತ ಶಾಲೆಯಲ್ಲಿ. ಗದಗಿನ ಕಡೆಯ ಭೀಮಸೇನ ಜೋಶಿಯವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಈ ನಗರದ ರಸಿಕರಿಗೆ ಮನೆಯವರೇ ಆಗಿದ್ದರು. ಅಂದರೆ ಇಲ್ಲಿಯ ಕಾಲೇಜಿನ ಅಂಗಳದಲ್ಲಿ ಕೇಳಿಬರುವ ಸಂಗೀತದಲ್ಲಿ ನಮ್ಮ ನೆಲದ ಪಾಲು ಸಣ್ಣದಲ್ಲ. ಹಾಗಿದ್ದೂ ಆ ಅಂಗಳದಲ್ಲಿ ಕನ್ನಡದ ಕುಟುಂಬಗಳು ಕಾಣಸಿಗುವುದು ಅಪರೂಪ.

ನಮ್ಮದೇ ಆದ ಋತು ನಮಗಿದೆ ಎನ್ನಿ. ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನದ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಆಗ ನಮ್ಮ ಸಭಾಗೃಹಗಳು ತುಂಬುತ್ತವೆ. ದೊಂಬಿವಲಿಯಿಂದ, ಮೀರಾ ರೋಡಿನಿಂದ, ನವಿ ಮುಂಬಯಿಯಿಂದ ಜನ ಛತ್ರಿ ಹಿಡಿದು ಬರುತ್ತಾರೆ. ಸಂತೋಷದ ಸಂಗತಿ. ಆದರೆ ಸಭೆಯ ಕಡೆಗೊಮ್ಮೆ ತಿರುಗಿ ನೋಡಿ. ಅಪ್ಪ ಮುಂದಿನ ಸಾಲಿನಲ್ಲಿ ತಲೆದೂಗುತ್ತಿದ್ದಾನೆ; ಕಾಲೇಜಿಗೆ ಹೋಗುವ ಮಗ ಬಂದಿಲ್ಲ, ಬಂದಿದ್ದರೂ ಹೊರಗೆ ಮೊಬೈಲು ಹಿಡಿದು ನಿಂತಿದ್ದಾನೆ. ಅದೇ ಮಗ ಡಿಸೆಂಬರಿನಲ್ಲಿ ಪೊವಾಯಿಗೆ ಹೋಗುವನು. ಆಗ ಅಪ್ಪನಿಗೆ ಅದರ ಗೊಡವೆಯಿಲ್ಲ. ಮಳೆಗಾಲದ ಋತು ತಂದೆಯದು, ಚಳಿಗಾಲದ ಋತು ಮಗನದು; ನಡುವೆ ಗೋಡೆ. ಈ ಗೋಡೆಯೇ ನನ್ನ ಚಿಂತೆಗೆ ಕಾರಣ.

ಗೋಡೆ ಏಕೆ ಬಂತು? ಮಗನಿಗೆ ಕಲೆಯಲ್ಲಿ ರುಚಿಯಿಲ್ಲವೆಂದು ಹೇಳುವಂತಿಲ್ಲ. ಎದುರಿಗಿರುವುದನ್ನು ಅವನಿಗೆ ಯಾರೂ ಬಿಡಿಸಿ ಹೇಳಿಲ್ಲ. ಭಾಗವತರ ಪದ ಅವನಿಗೆ ಅರ್ಥವಾಗುವುದಿಲ್ಲ, ಅರ್ಥಧಾರಿಯ ಮಾತು ಅರ್ಧ ತಿಳಿದರೆ ಅರ್ಧ ತಿಳಿಯದು. ಕೇಳಿದರೆ ನಾವು 'ಸುಮ್ಮನೆ ನೋಡು' ಎನ್ನುತ್ತೇವೆ. ಕಾಲೇಜಿನಲ್ಲಿ ಹಾಗಲ್ಲ, ಅಲ್ಲಿ ಅವನು ಪ್ರಶ್ನೆ ಕೇಳಬಹುದು. ಕಲೆಯ ಪಕ್ಕದಲ್ಲಿ ಅಲ್ಲಿ ಉಪನ್ಯಾಸವೂ ಇದೆ.

ಪ್ರದರ್ಶನ ಬೇರೆ, ಉಪನ್ಯಾಸ ಬೇರೆ ಎಂಬ ಭೇದ ನಮ್ಮ ಹಿರಿಯರಲ್ಲಿ ಇರಲಿಲ್ಲ. ತಾಳಮದ್ದಲೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಯು ಕುಳಿತಲ್ಲಿಯೇ ಆ ಪದವನ್ನು ಹಿಡಿದು ಶಾಸ್ತ್ರ, ಪುರಾಣ, ಲೋಕನೀತಿ ಎಲ್ಲವನ್ನೂ ಆಶುವಾಗಿ ಬೆಳೆಸುತ್ತಾನೆ. ಎದುರಾಳಿ ಅದನ್ನು ಖಂಡಿಸುತ್ತಾನೆ. ಅದು ಕಲೆಯೂ ಹೌದು, ಉಪನ್ಯಾಸವೂ ಹೌದು. ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ'ವೆಂಬ ಗ್ರಂಥ ಬರೆದರು. ಅದಕ್ಕೆ ೧೯೫೯ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಗ್ರಂಥ ಬರೆದ ಅದೇ ಕೈ ರಂಗದ ಮೇಲೆ ಪ್ರಯೋಗವನ್ನೂ ಮಾಡಿಸಿತು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ೧೯೭೧ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಬಯಲಾಟಕ್ಕೆ ಕಾಲೇಜಿನ ಅಂಗಳ ಹೊರಗಿನದಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಕುಮಾರ ಗಂಧರ್ವರೂ 'ಗೀತವರ್ಷಾ', 'ಗೀತಹೇಮಂತ', 'ಗೀತವಸಂತ'ವೆಂದು ಒಂದೊಂದು ಋತುವಿಗೆ ಒಂದೊಂದು ಕಛೇರಿಯನ್ನು ಹೆಣೆದರು. ಕೇಳುಗನು ಹಾಡನ್ನು ಕೇಳುತ್ತ ಆ ಋತುವನ್ನೇ ಅರಿಯಬೇಕೆಂಬುದು ಅದರ ಹುರುಳು.

ಈಗ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ನಿಮ್ಮ ಮಗಳು ಕಾಲೇಜಿನಲ್ಲಿ ಮರಾಠಿ, ಗುಜರಾತಿ, ಬಂಗಾಳಿ ಗೆಳತಿಯರೊಡನೆ ಕುಳಿತು ಮನಸೂರರ ಧ್ವನಿಮುದ್ರಣವನ್ನು ಕೇಳುತ್ತಿದ್ದಾಳೆ. ಖಯಾಲು ಮುಗಿದು ವಚನ ಬರುತ್ತದೆ. ಗೆಳತಿಯರೆಲ್ಲರೂ ಅವಳ ಕಡೆಗೆ ತಿರುಗಿ, 'ಇದು ನಿನ್ನ ಭಾಷೆಯಲ್ಲವೇ? ಏನು ಹೇಳುತ್ತಿದ್ದಾರೆ?' ಎಂದು ಕೇಳುತ್ತಾರೆ. ಅವಳು ಏನು ಹೇಳಿಯಾಳು? ನಾಲ್ಕು ಮಾತು ಹೇಳಬಲ್ಲಳಾದರೆ ಆ ದಿನ ಕನ್ನಡ ಅವಳದಾಗುತ್ತದೆ. ಹೇಳಲಾರದೆ ತಲೆ ತಗ್ಗಿಸಿದರೆ, ನಾವು ನವೆಂಬರಿನಲ್ಲಿ ಎಷ್ಟು ಬಾವುಟ ಏರಿಸಿದರೇನು? ಲಿಪಿ ಕಲಿಯದ ಮಗುವಿಗೂ ಕಿವಿಯಿದೆ. ಕಿವಿಯ ಬಾಗಿಲು ತೆರೆದಿರುವಾಗಲೇ ಕನ್ನಡವನ್ನು ಒಳಕ್ಕೆ ಕಳುಹಿಸಬೇಕು.

ಸಮಯವಿಲ್ಲ, ಲೋಕಲ್ ಗಾಡಿಯ ನೂಕುನುಗ್ಗಲು, ಮಾರ್ಚಿಯಲ್ಲಿ ಪರೀಕ್ಷೆ ಎಂಬ ಅಡ್ಡಿಗಳು ನನಗೂ ತಿಳಿಯದವಲ್ಲ. ಆದರೆ ಮದುವೆಯ ಊಟಕ್ಕೆ ಮಾಟುಂಗಕ್ಕೋ ಕುರ್ಲಾಕ್ಕೋ ಎರಡು ಗಾಡಿ ಬದಲಿಸಿ ಹೋಗುವ ನಾವು, ವರ್ಷದಲ್ಲಿ ಎರಡು ಸಂಜೆಯನ್ನು ಮಕ್ಕಳೊಡನೆ ಇದಕ್ಕಾಗಿ ತೆಗೆದಿಡಲಾರೆವೇ?

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು: ಕಾಲೇಜುಗಳ ಕಾರ್ಯಕ್ರಮಗಳನ್ನೂ ಕಲೀನಾದ ಕನ್ನಡ ಉಪನ್ಯಾಸಗಳನ್ನೂ ನಮ್ಮ ಸೂಚನಾ ಫಲಕದಲ್ಲಿ, ವಾಟ್ಸಾಪ್ ಬಳಗದಲ್ಲಿ ಮುಂಚಿತವಾಗಿ ತಿಳಿಸಬೇಕು. ಕೆಲವಕ್ಕೆ ಪಾಸು ಬೇಕಾಗುತ್ತದೆ. ಅಲ್ಲಿ ಓದುವ ನಮ್ಮ ಮಕ್ಕಳೇ ಅದನ್ನು ವಿಚಾರಿಸಿ ತಿಳಿಸಲಿ. ಎರಡನೆಯದು: ತಿಂಗಳಿಗೊಮ್ಮೆ ಅರ್ಧ ಗಂಟೆ, ಒಂದು ವಚನ, ಒಂದು ದಾಸರ ಪದ, ಒಂದು ಯಕ್ಷಗಾನದ ಪ್ರಸಂಗದ ಕಥೆ, ಇವನ್ನು ತಿಳಿಗನ್ನಡದಲ್ಲಿ ಮಕ್ಕಳಿಗೆ ವಿವರಿಸುವ ಏರ್ಪಾಡು ಆಗಬೇಕು. ನಮ್ಮಲ್ಲಿ ನಿವೃತ್ತ ಅಧ್ಯಾಪಕರಿಗೆ ಕೊರತೆಯಿಲ್ಲ.

ಮೂರನೆಯದೇ ನನಗೆ ಹೆಚ್ಚು ಪ್ರಿಯವಾದುದು. ಮಳೆಗಾಲದಲ್ಲಿ ಇಲ್ಲಿಗೆ ಬರುವ ಕಲಾವಿದರ ಒಂದು ಗಂಟೆಯ ತಾಳಮದ್ದಲೆಯನ್ನಾಗಲಿ ಬಯಲಾಟವನ್ನಾಗಲಿ, ಯಾವುದಾದರೊಂದು ಕಾಲೇಜಿನ ಒಪ್ಪಿಗೆ ಪಡೆದು ಅದರ ಅಂಗಳಕ್ಕೆ ಒಯ್ಯೋಣ. ಅದಕ್ಕೆ ಪೀಠಿಕೆಯ ಉಪನ್ಯಾಸವನ್ನು ಹೊರಗಿನ ವಿದ್ವಾಂಸರಿಂದ ಮಾಡಿಸುವುದು ಬೇಡ. ಆ ಕಾಲೇಜಿನಲ್ಲಿ ಓದುವ ನಮ್ಮ ಮಗನೋ ಮಗಳೋ ಎದ್ದುನಿಂತು, ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ, ಸಹಪಾಠಿಗಳಿಗೆ ಪ್ರಸಂಗವನ್ನು ವಿವರಿಸಲಿ. ವಿವರಿಸಬೇಕಾದರೆ ಅವರು ಮೊದಲು ತಿಳಿಯಬೇಕು. ತಿಳಿಯಬೇಕಾದರೆ ಮನೆಯಲ್ಲಿ ನಮ್ಮನ್ನು ಕೇಳಬೇಕು. ಅವರು ಕೇಳಿದಾಗ ನಾವೂ ಸ್ವಲ್ಪ ಓದಿಕೊಂಡಿರಬೇಕು. ಗೋಡೆಯಲ್ಲಿ ಬಾಗಿಲು ತೆರೆಯುವುದು ಹೀಗೆಯೇ ಎಂದು ನನ್ನ ನಂಬಿಕೆ.

ಜನವರಿ ಹತ್ತಿರ ಬರುತ್ತಿದೆ. ಮಕ್ಕಳನ್ನು ಕೇಳಿ ಈಗಲೇ ದಿನ ಗೊತ್ತುಮಾಡಿಕೊಳ್ಳಿರೆಂದು ಬೇಡಿಕೊಂಡು ವಿರಮಿಸುತ್ತೇನೆ.