ವೆಲ್ಲೂರು ಕೋಟೆಯ ಒಳಮನೆ

 

ಕೋಟೆ ಅಂದ ತಕ್ಷಣ ನಮಗೆ ರಾಜ, ಯುದ್ಧ, ಫಿರಂಗಿ ನೆನಪಾಗುತ್ತವೆ. ಹೆಂಗಸರಲ್ಲಿ ಹೆಚ್ಚೆಂದರೆ ಒನಕೆ ಓಬವ್ವ. ಇವತ್ತು ನಾನು ಹೇಳಹೊರಟಿರುವುದು ಕೋಟೆಯೊಳಗೆ ಬಾಳಿ ಅಲ್ಲೇ ಮುದುಕಿಯರಾದ ಹೆಂಗಸರ ವಿಷಯ. ಆ ಕೋಟೆ ಇಲ್ಲಿಂದ, ಸೌಕಾರ್‌ಪೇಟೆಯಿಂದ, ಸುಮಾರು 140 ಕಿಲೋಮೀಟರ್ ಅಷ್ಟೇ.

ವೆಲ್ಲೂರಿಗೆ ನಾವು ಆಸ್ಪತ್ರೆಗೆಂದೋ ಶ್ರೀಪುರದ ಚಿನ್ನದ ದೇವಸ್ಥಾನಕ್ಕೆಂದೋ ಹೋಗಿರುತ್ತೇವೆ. ಕಳೆದ ವರ್ಷ ಅತ್ತೆಯವರನ್ನು ಕರೆದುಕೊಂಡು ಹೋದಾಗ ಕೋಟೆಯೊಳಗಿನ ಜಲಕಂಠೇಶ್ವರನ ದರ್ಶನವೂ ಆಯಿತು. ಅಲ್ಲಿ ಟಿಪ್ಪು ಮಹಲ್, ಹೈದರ್ ಮಹಲ್ ಅನ್ನುವ ಹೆಸರು ಕೇಳಿ ಅತ್ತೆ, "ನಮ್ಮ ಶ್ರೀರಂಗಪಟ್ಟಣದವರು ಇಲ್ಲಿಗೆ ಯಾಕಮ್ಮ ಬಂದ್ರು?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಓದಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ಅವನ ದೊಡ್ಡ ಗಂಡುಮಕ್ಕಳನ್ನು ಕಂಪನಿಯವರು ಮೊದಲು ವೆಲ್ಲೂರಿಗೆ ಸಾಗಿಸಿದರು. 1802ರಲ್ಲಿ ಅಂತಃಪುರದ ಹೆಂಗಸರನ್ನು ಕರೆತಂದರು. ಹೈದರನ ಕಾಲದವರು, ಟಿಪ್ಪುವಿನ ಕಾಲದವರು, ದಾಸಿಯರು ಎಲ್ಲ ಸೇರಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಸುಮಾರು 600 ಹೆಂಗಸರಿದ್ದರು. ಅವರಲ್ಲಿ ಯುದ್ಧದಲ್ಲಿ ಸೆರೆ ಸಿಕ್ಕಿ ಬಂದವರೂ ಇದ್ದರು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳ ಇಲ್ಲಿ ಬೇಡ. ನನ್ನನ್ನು ಕಾಡಿದ್ದು ಬೇರೆ: ಅವನು ಸತ್ತ ಮೇಲೂ ಈ ಹೆಂಗಸರಿಗೆ ಬಾಗಿಲು ತೆರೆಯಲಿಲ್ಲ. ಕಾವಲು ಬದಲಾಯಿತು, ಗೋಡೆ ಬದಲಾಯಿತು, ಅಷ್ಟೇ.

ಖರ್ಚಿಗೆ? ಎರಡು ಕುಟುಂಬಗಳಿಗೂ ಸೇರಿ ವರ್ಷಕ್ಕೆ ಕನಿಷ್ಠ 2 ಲಕ್ಷ ವರಹ ಎಂದು 1799ರ ಒಪ್ಪಂದದಲ್ಲೇ ಬರೆದಿದ್ದರು. ನಕ್ಷತ್ರದ ಗುರುತಿನ ಮದರಾಸಿನ ವರಹ. ನಮ್ಮ ಮಿಂಟ್ ಸ್ಟ್ರೀಟ್‌ಗೆ ಹೆಸರು ಕೊಟ್ಟ ಟಂಕಸಾಲೆ ಈ ಬೀದಿಗೆ ಬಂದದ್ದು 1840ರ ದಶಕದಲ್ಲಿ, ಹಾಗಾಗಿ ಅವು ಇಲ್ಲಿ ಟಂಕಿಸಿದವಲ್ಲ. ಆದಾಯ ಮೈಸೂರು ಸೀಮೆಯದೇ, ಎಣಿಸಿ ಕೊಡುವ ಕೈ ಮಾತ್ರ ಕಂಪನಿಯದು. ಮ್ಯಾರಿಯಟ್ ಎಂಬ ಅಧಿಕಾರಿ ಆ ಪಾವತಿ ನೋಡಿಕೊಳ್ಳುತ್ತಿದ್ದ. ಯಾರಿಗೆ ಎಷ್ಟು ಅನ್ನುವುದು ಪಟ್ಟಿಯಲ್ಲಿರಬೇಕು. ನಾನು ದಿನವೂ ಡೇಟಾಬೇಸ್ ಜೊತೆ ಹೆಣಗುವವಳು. ಒಂದು ಸಾಲಿನಲ್ಲಿ ಸೇರಿಸಿದರೆ ಮನುಷ್ಯರೂ ಸಾಲೇ ಆಗಿಬಿಡುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಕೋಟೆಯೊಳಗೆ ಮದುವೆಗಳೂ ನಡೆದವು. 1806ರ ಜುಲೈ 9ರಂದು ಟಿಪ್ಪುವಿನ ಒಬ್ಬ ಮಗಳ ಮದುವೆ. ಅದೇ ರಾತ್ರಿ ಕಳೆದು, ಬೆಳಗಿನ ಜಾವ ಸಿಪಾಯಿಗಳು ದಂಗೆ ಎದ್ದರು. ಹಣೆಯ ನಾಮ, ಕಿವಿಯ ಕಡಕು ತೆಗೆಯಬೇಕು, ಗಡ್ಡ ಬೋಳಿಸಬೇಕು, ಹ್ಯಾಟಿನಂಥ ಪೇಟ ತೊಡಬೇಕು ಎಂಬ ಆಜ್ಞೆ ಅವರನ್ನು ಕೆರಳಿಸಿತ್ತು. ಹುಲಿಪಟ್ಟೆಯ ಬಾವುಟ ಹಾರಿತು. ಆರ್ಕಾಟಿನಿಂದ ಗಿಲೆಸ್ಪಿ ಕುದುರೆ ಪಡೆ ತಂದು ಅದೇ ದಿನ ಕೋಟೆ ಹಿಡಿದ. ನೂರಾರು ಸಿಪಾಯಿಗಳು ಸತ್ತರು.

ಹಸಿರು ಚಪ್ಪರದ ಆ ಮನೆಯಲ್ಲಿ ಬೆಳಗಾದದ್ದು ಹೇಗೆ? ಅದನ್ನು ಯಾರೂ ಬರೆದಿಡಲಿಲ್ಲ. ಗಂಡುಮಕ್ಕಳ ಹೆಸರು ಫತೇ ಹೈದರ್, ಅಬ್ದುಲ್ ಖಾಲಿಕ್ ಎಂದು ಸರಸರನೆ ಸಿಗುತ್ತದೆ. ಮದುವಣಗಿತ್ತಿ ಮಾತ್ರ ನಾನು ಓದಿದ ಪುಸ್ತಕಗಳಲ್ಲಿ "ಟಿಪ್ಪುವಿನ ಮಗಳು".

ದಂಗೆಗೆ ಈ ಕುಟುಂಬ ಅಲ್ಲಿದ್ದದ್ದೂ ಒಂದು ಕಾರಣ ಎಂದು ವಿಚಾರಣೆಯಲ್ಲಿ ತೀರ್ಮಾನಿಸಿದರು. ಗಂಡುಮಕ್ಕಳನ್ನು ಕಲ್ಕತ್ತೆಗೆ ಕಳಿಸಿದರು. ಹೆಂಗಸರಲ್ಲಿ ಬಹುಪಾಲು ಜನ ವೆಲ್ಲೂರಿನಲ್ಲೇ ಉಳಿದರು. ಮಕ್ಕಳನ್ನು ಮತ್ತೆ ನೋಡದೆ ಉಳಿದ ತಾಯಂದಿರು ಅವರಲ್ಲಿ ಎಷ್ಟು ಮಂದಿಯೋ! ಮುಂದೆ ಶ್ರೀಲಂಕೆಯ ಕ್ಯಾಂಡಿಯ ಕೊನೆಯ ರಾಜನನ್ನೂ ಸಂಸಾರ ಸಮೇತ ಇದೇ ಕೋಟೆಗೆ ತಂದಿಟ್ಟರು.

ಹೈದರನ ಪತ್ನಿ ಬಕ್ಷಿ ಬೇಗಂ, ಟಿಪ್ಪುವಿನ ಪತ್ನಿ ಪಾದಷಾ ಬೇಗಂ, ಇಬ್ಬರ ಸಮಾಧಿಯೂ ವೆಲ್ಲೂರು ಊರೊಳಗೇ ಇದೆ. ನಾವು ಅವತ್ತು ಅಲ್ಲಿಗೆ ಹೋಗಲಿಲ್ಲ, ಇದೆಯೆಂದೇ ಗೊತ್ತಿರಲಿಲ್ಲ. ಅತ್ತೆ ಈಗ ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಮತ್ತೆ ಯಾವಾಗ ಕರ್ಕೊಂಡು ಹೋಗ್ತೀಯಾ?" ದಸರಾ ರಜೆಗೆ ಹೋಗೋಣ ಅಂದಿದ್ದೇನೆ. ಯಾರಾದರೂ ಜೊತೆಗೆ ಬರುವುದಾದರೆ ಹೇಳಿ, ದೊಡ್ಡ ಗಾಡಿಯೇ ಮಾಡಿಸೋಣ.