ಮೂವತ್ತು ವರ್ಷ ಹಿಂದಿನ ಹೊಗೆ



ನನ್ನ ತಂದೆ ಇಪ್ಪತ್ತರ ಹರೆಯದಿಂದ ಸಿಗರೇಟು ಸೇದುತ್ತ ಬಂದವರು. ಈಗ ಐವತ್ತು ದಾಟಿದೆ. ಬಿಟ್ಟುಬಿಡಿ ಎಂದರೆ, ‘ಆಗುವುದೆಲ್ಲ ಆಗಿ ಹೋಗಿದೆ, ಈಗ ಬಿಟ್ಟು ಏನು ಬಂತು?’ ಎನ್ನುತ್ತಾರೆ. ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಸಿಗಲು ಅರ್ಧ ಶತಮಾನವೇ ಹಿಡಿಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು 1922ರಲ್ಲಿ 612 ಮಂದಿ, 1947ರಲ್ಲಿ 9,287. ಕಾರಣ ಹುಡುಕಲು ಹೊರಟವರು ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಡಾಲ್ ಅವರಿಗೆ ಮೊದಲು ಅನುಮಾನವಿದ್ದುದು ರಸ್ತೆಗೆ ಹಾಕುವ ಡಾಂಬರಿನ ಮೇಲೆ! ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಿಚಾರಿಸಿದಾಗ ಬೇರೆಯೇ ಚಿತ್ರ ಮೂಡಿತು. ಈ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಧೂಮಪಾನಿಗಳಲ್ಲದವರು ಇಬ್ಬರೇ. ಬೇರೆ ಕಾಯಿಲೆಯ ಅಷ್ಟೇ ಮಂದಿಯಲ್ಲಿ 27. ಈ ವರದಿ 1950ರಲ್ಲಿ ಅಚ್ಚಾಗುವ ಮುನ್ನವೇ ಡಾಲ್ ತಮ್ಮ ಸಿಗರೇಟು ಬಿಟ್ಟಿದ್ದರು.

ಇಷ್ಟು ದೊಡ್ಡ ಕಾರಣ ಕಣ್ಣಿಗೆ ಬೀಳದಿದ್ದುದು ಹೇಗೆ? ಸಿಗರೇಟಿಗೂ ಕ್ಯಾನ್ಸರಿಗೂ ನಡುವೆ ದಶಕಗಳ ಅಂತರವಿರುತ್ತದೆ. ಹೊಗೆಯ ವಿಷ ಜೀವಕೋಶದ ಡಿಎನ್‌ಎಗೆ ಮಾಡುವ ಗಾಯ ವರ್ಷ ವರ್ಷವೂ ಸೇರುತ್ತ ಹೋಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇದಲು ಕಲಿತವರು ಆಸ್ಪತ್ರೆಗೆ ಬಂದದ್ದು ನಡುವಯಸ್ಸು ದಾಟಿದ ಮೇಲೆ. ದಿನಕ್ಕೆಷ್ಟು ಎಂಬುದಕ್ಕಿಂತ ಎಷ್ಟು ವರ್ಷ ಎಂಬುದೇ ಇಲ್ಲಿ ಹೆಚ್ಚು ಮುಖ್ಯ.

1951ರಲ್ಲಿ ಇವರಿಬ್ಬರೂ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನೆಪತ್ರ ಕಳುಹಿಸಿದರು. ಉತ್ತರಿಸಿದ ಸುಮಾರು 34,000 ಗಂಡಸರನ್ನು 2001ರವರೆಗೂ, ಅಂದರೆ ಐವತ್ತು ವರ್ಷ, ಬೆನ್ನುಹತ್ತಿದರು. ಸಿಗರೇಟು ಬಿಡದವರ ಆಯುಸ್ಸು ಸರಾಸರಿ ಹತ್ತು ವರ್ಷ ಕಡಿಮೆಯಾಗಿತ್ತು.

ಅಪ್ಪನ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಡಾಲ್ ಮತ್ತು ರಿಚರ್ಡ್ ಪೀಟೋ ತಂಡ 2000ದಲ್ಲಿ ಪ್ರಕಟಿಸಿದ ಲೆಕ್ಕ. ಬ್ರಿಟನ್ನಿನಲ್ಲಿ ಸೇದುತ್ತಲೇ ಇರುವ ಗಂಡಸರಲ್ಲಿ 75 ವರ್ಷದೊಳಗೆ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುವ ಸಂಭವ ನೂರಕ್ಕೆ ಸುಮಾರು 16. ಅರವತ್ತರಲ್ಲಿ ಬಿಟ್ಟರೆ 10, ಐವತ್ತರಲ್ಲಿ 6, ನಲವತ್ತರಲ್ಲಿ 3, ಮೂವತ್ತರಲ್ಲಿ 2. ಆದ ಗಾಯ ಅಳಿಸಿ ಹೋಗುವುದಿಲ್ಲ ನಿಜ. ಆದರೆ ಮುಂದೆ ಏರಬೇಕಿದ್ದ ಅಪಾಯದ ಬಹುಭಾಗ ತಪ್ಪುತ್ತದೆ.

‘ನಮ್ಮದು ಬರೀ ಬೀಡಿ’ ಎನ್ನುವವರಿಗೂ ಒಂದು ಮಾತು. ಭಾರತದಲ್ಲೇ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಬೀಡಿ ಸೇದುವ ಗಂಡಸರು ಕಳೆದುಕೊಳ್ಳುವ ಆಯುಸ್ಸು ಸುಮಾರು ಆರು ವರ್ಷ. ನಮ್ಮಲ್ಲಿ ಹೊಗೆಗೆ ಬಲಿಯಾಗುವವರಲ್ಲಿ ಕ್ಷಯ, ಹೃದ್ರೋಗಗಳ ಪಾಲೂ ದೊಡ್ಡದು.

ಅಪ್ಪನಿಗೆ ಈ ಲೆಕ್ಕ ತೋರಿಸಿದೆ. ಎರಡು ಸಲ ಓದಿದರು. ಇನ್ನೂ ಬಿಟ್ಟಿಲ್ಲ, ‘ಆಗಿ ಹೋಗಿದೆ’ ಎನ್ನುವುದನ್ನು ಮಾತ್ರ ಬಿಟ್ಟಿದ್ದಾರೆ.