ತೋಟಾ ಸಿಗದ ರಿವಾಲ್ವರು

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಹಳೆಯ ರಿವಾಲ್ವರುಗಳನ್ನು ನೀವು ನೋಡಿರಬಹುದು. ಎಷ್ಟೋ ರಿವಾಲ್ವರುಗಳ ಉಕ್ಕು ಇನ್ನೂ ಗಟ್ಟಿಯಾಗಿದೆ. ಆದರೂ ಅವು ಕೆಲಸಕ್ಕೆ ಬಾರವು. ಕಾರಣ ಅವುಗಳ ಹೊಟ್ಟೆಗೆ ಹೋಗುವ ತೋಟಾದಲ್ಲಿದೆ.

ತೋಟಾ ಎಂದರೆ ಲೋಹದ ಒಂದು ಪುಟ್ಟ ಕೋಶ. ಬುಡದಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ, ನಡುವೆ ಮದ್ದು, ತುದಿಯಲ್ಲಿ ಸೀಸದ ಗುಂಡು. ಇಂಥ ತೋಟಾ ಬಳಸುವ ಕಿರು ರಿವಾಲ್ವರನ್ನು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪೆನಿ 1857ರಲ್ಲಿ ಹೊರತಂದಿತು. ಅದಕ್ಕೆ ಬೇಕಾದ ಪೇಟೆಂಟ್ 1869ರಲ್ಲಿ ಮುಗಿದದ್ದೇ ತಡ, ಇತರ ಕಂಪೆನಿಗಳೂ ಕಣಕ್ಕಿಳಿದವು. ತೋಟಾದ ಅಳತೆಗಳು ನಾಯಿಕೊಡೆಗಳಂತೆ ಎದ್ದವು.

ಹೆಸರುಗಳನ್ನಂತೂ ನಂಬುವಂತಿಲ್ಲ. ಪಾಯಿಂಟ್ 38 ಎಂದು ಕರೆಸಿಕೊಳ್ಳುವ ಗುಂಡಿನ ನಿಜವಾದ ವ್ಯಾಸ ಪಾಯಿಂಟ್ 36 ಅಂಗುಲದ ಆಸುಪಾಸು! 1870ರ ದಶಕದ 38 ಗಿಡ್ಡ, ದಪ್ಪ. ಶತಮಾನದ ಕೊನೆಗೆ ಬಂದ 38 ಸ್ಪೆಷಲ್ ಉದ್ದ, ತೆಳು. ಒಂದರ ಮನೆ ಇನ್ನೊಂದಕ್ಕೆ ಹೊಂದದು.

ಅಳತೆ ಹೊಂದಿದರೂ ಮದ್ದಿನ ತೊಡಕುಂಟು. ಅಂದಿನದು ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆ, ಮಸಿಯಾಗಿ ಉಳಿಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ರೂಪಿಸಿದ ಹೊಗೆರಹಿತ ಮದ್ದಾದರೋ ಬಹುಪಾಲು ಅನಿಲವೇ ಆಗುತ್ತದೆ. ಆದ್ದರಿಂದ ಸ್ವಲ್ಪವೇ ಸಾಕು. ಕರಿಮದ್ದಿನ ಒತ್ತಡಕ್ಕೆಂದು ಮಾಡಿದ ತೆಳುಗೋಡೆಯ ಸಿಲಿಂಡರು ಇದರ ಒತ್ತಡ ತಾಳದೆ ಸಿಡಿದರೆ, ಅಪಾಯ ಹಿಡಿದ ಕೈಗೇ. ಅಜ್ಜನ ಕಾಲದ ರಿವಾಲ್ವರಿಗೆ ಇಂದಿನ ತೋಟಾ ತುಂಬಿ ನೋಡುವ ಕುತೂಹಲ ಎಂದಿಗೂ ಬೇಡ.

ಕೆಲವೊಮ್ಮೆ ತೋಟಾದ ಆಯುಸ್ಸನ್ನು ಕಾನೂನು ನಿರ್ಧರಿಸುತ್ತದೆ. ನಮ್ಮ ದೇಶದ 1962ರ ಶಸ್ತ್ರಾಸ್ತ್ರ ನಿಯಮಗಳು ಪಾಯಿಂಟ್ 380, ಪಾಯಿಂಟ್ 455ರ ತೋಟಾ ಹಿಡಿಸುವ ರಿವಾಲ್ವರುಗಳನ್ನು ನಿಷೇಧಿತ ವರ್ಗಕ್ಕೆ ಸೇರಿಸಿದವು. ಅವು ಬ್ರಿಟಿಷ್ ಸೇನೆ ಬಳಸಿದ್ದ ಅಳತೆಗಳು. ಪರವಾನಗಿ ಪಡೆದ ನಾಗರಿಕರಿಗೆ ಉಳಿದದ್ದು ಮುಖ್ಯವಾಗಿ ಪಾಯಿಂಟ್ 32. ಕಾನ್ಪುರದ ಸರಕಾರಿ ಕಾರ್ಖಾನೆ ಬ್ರಿಟನ್ನಿನ ವೆಬ್ಲಿ ರಿವಾಲ್ವರಿನ ವಿನ್ಯಾಸವನ್ನೇ ಈ ಅಳತೆಗೆ ಇಳಿಸಿತು. ಅದರ ತೋಟಾ, 32 ಲಾಂಗ್, ಅಮೆರಿಕದಲ್ಲಿ 1896ರಲ್ಲಿ ಹುಟ್ಟಿದ್ದು. ತವರಿನಲ್ಲಿ ಅದರ ಬಳಕೆ ತೀರ ಕುಗ್ಗಿದರೂ, 2014ರಲ್ಲಿ ಮಹಿಳೆಯರಿಗೆಂದು ಕಾನ್ಪುರದಿಂದ ಹೊರಬಂದ 'ನಿರ್ಭೀಕ್' ರಿವಾಲ್ವರಿಗೂ ಅದೇ ತೋಟಾ.